ಡೈರಿ ಮುಂದಿನ ಕಪ್ಪು ಹಲಗೆ: ಒಂದು ಹಳ್ಳಿ ಗ್ರಂಥಾಲಯದ ಪುಸ್ತಕ ಸುದ್ದಿ

ಇದು ಹಳೇ ಮೈಸೂರು ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಪ್ರಕರಣ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬೀರು ತುಂಬ ಮಕ್ಕಳ ಪುಸ್ತಕ ಇದ್ದೂ ಮಕ್ಕಳು ಬರ್ತಿಲ್ಲವಲ್ಲ ಎಂದು ಯೋಚಿಸುತ್ತಿರುವ ಮೇಲ್ವಿಚಾರಕರಿಗೆ, ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ನಾನು ಅಲ್ಲಿಗೆ ಶನಿವಾರ ಶನಿವಾರ ಹೋಗಿ ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದವನು. ಇಲ್ಲಿ ಹೇಳುವ ತಪ್ಪುಗಳಲ್ಲಿ ಕೆಲವು ನನ್ನವೇ.

ಹಿನ್ನೆಲೆ

2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಐದು ಸಾವಿರಕ್ಕೂ ಜಾಸ್ತಿ ಗ್ರಂಥಾಲಯಗಳು. ಮರುವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದವು. ಆಗಲೇ, ನವೆಂಬರಿನ ಮಕ್ಕಳ ದಿನಾಚರಣೆ ಹೊತ್ತಿಗೆ, 'ಓದುವ ಬೆಳಕು' ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಸದಸ್ಯತ್ವ ಉಚಿತ ಅಂತಾಯಿತು. ಜನರಿಂದ ಪುಸ್ತಕ ದಾನ ಪಡೆಯುವ 'ಪುಸ್ತಕ ಜೋಳಿಗೆ'ಯೂ ಬಂತು. ನನ್ನ ಪ್ರಕಾರ ನಮ್ಮ ಹಳ್ಳಿ ಮಕ್ಕಳಿಗೆ ಈಚಿನ ವರ್ಷಗಳಲ್ಲಿ ಆದ ಒಳ್ಳೇ ಕೆಲಸಗಳಲ್ಲಿ ಇದೂ ಒಂದು.

ಈ ಊರಿನ ಗ್ರಂಥಾಲಯ ಪಂಚಾಯಿತಿ ಆಫೀಸಿನ ಪಕ್ಕದ ಒಂದೇ ಕೋಣೆ. ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಎರಡು ಕಬ್ಬಿಣದ ಬೀರು. ಬೆಳಗ್ಗೆ ಪೇಪರ್ ಓದೋಕೆ ಹಿರಿಯರು ಬರುತ್ತಾರೆ. ಅವರು ಎದ್ದು ಹೋದ ಮೇಲೆ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ಬಂದು ಕೂರುತ್ತಾರೆ. ಜೋಳಿಗೆಯಲ್ಲಿ ಬಂದ ಪುಸ್ತಕಗಳಲ್ಲಿ ಪಿಯುಸಿ ಗೈಡುಗಳು, ಹಳೇ ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕಗಳು, ಪ್ರವಚನದ ಪುಸ್ತಕಗಳೇ ಜಾಸ್ತಿ. ಮಕ್ಕಳು ಓದುವಂಥವು ಅರವತ್ತು ಚಿಲ್ಲರೆ ಇದ್ದವು. ಅವೆಲ್ಲ ಎರಡನೇ ಬೀರುವಿನ ಕೆಳಗಿನ ಅರೆಯಲ್ಲಿ. ಬೀರುವಿಗೆ ಬೀಗ.

ಮೇಲ್ವಿಚಾರಕಿ ಅದೇ ಊರಿನ ಸೊಸೆ. ಮಕ್ಕಳೆಲ್ಲ ಆಕೆಯನ್ನು ಲೈಬ್ರರಿ ಅಕ್ಕ ಅಂತಲೇ ಕರೆಯೋದು. ಇಲ್ಲೂ ಅಕ್ಕ ಅಂತಲೇ ಹೇಳುತ್ತೇನೆ.

ತೊಂದರೆ ಎಲ್ಲಿತ್ತು

ಸದಸ್ಯತ್ವದ ಪುಸ್ತಕ ತೆಗೆದು ನೋಡಿದರೆ ಊರಿನ ಶಾಲೆಯ ಎಲ್ಲ ಮಕ್ಕಳೂ ಸದಸ್ಯರು. ಶಾಲೆಯವರು ಹಾಜರಿ ಪಟ್ಟಿ ಕೊಟ್ಟಿದ್ದರು, ಅಕ್ಕ ಅದನ್ನು ಇಳಿಸಿಕೊಂಡಿದ್ದರು. ಆದರೆ ಪುಸ್ತಕ ಕೊಟ್ಟು ತೆಗೆದುಕೊಂಡದ್ದನ್ನು ಬರೆಯುವ ರಿಜಿಸ್ಟರಿನಲ್ಲಿ ಒಂದು ಪುಟವೂ ತುಂಬಿರಲಿಲ್ಲ.

ಕೇಳಿದರೆ ಊರಲ್ಲಿ ಎಲ್ಲರದ್ದೂ ಒಂದೇ ಉತ್ತರ. ಮಕ್ಕಳಿಗೆ ಮೊಬೈಲ್ ಹುಚ್ಚು, ಓದೋ ಆಸಕ್ತಿ ಎಲ್ಲಿದೆ ಅಂತ. ನಾನೂ ಮೊದಲು ಹಾಗೇ ನಂಬಿದ್ದೆ. ಒಂದು ಶನಿವಾರ ಐದನೇ ಕ್ಲಾಸಿನ ಒಬ್ಬ ಹುಡುಗನನ್ನು ಹಿಡಿದು ಕೇಳಿದೆ, "ಲೈಬ್ರರೀಲಿ ಏನಿದೆ ಹೇಳು?" ಅವನು, "ಪೇಪರ್ ಇರುತ್ತೆ ಸರ್, ದೊಡ್ಡೋರು ಓದ್ತಾರೆ" ಅಂದ. ಬೇರೆ ಏನೂ ಇಲ್ವಾ ಅಂದರೆ, "ಬೀರು ಇದೆ" ಅಂದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಬೀರುವಿನಲ್ಲಿ ಆಮೆಯ ಕಥೆ ಇದೆ, ದೆವ್ವದ ಕಥೆ ಇದೆ, ಚಂದ್ರನ ಮೇಲೆ ಹೋದವರ ಪುಸ್ತಕ ಇದೆ ಅನ್ನುವ ಸುದ್ದಿಯೇ ಅವನ ಕಿವಿಗೆ ಬಿದ್ದಿರಲಿಲ್ಲ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟು ಬಂದು ಬಾಗಿಲಲ್ಲಿ ಇಣುಕಿದರೆ, ಒಳಗಿನಿಂದ "ಗಲಾಟೆ ಮಾಡ್ಬೇಡ್ರೋ" ಅಂತ ಬರುತ್ತಿತ್ತು. ಆಸಕ್ತಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಆಮೇಲಿನದು, ಅಲ್ವಾ?

ಬೀಗದ ವಿಷಯ ಅಕ್ಕನ ಹತ್ತಿರ ಎತ್ತಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರ್, ನಾಳೆ ಯಾರಾದ್ರೂ ಬಂದು ಪುಸ್ತಕ ಎಣಿಸ್ತಾರೆ. ಕಮ್ಮಿ ಬಂದ್ರೆ ನನ್ನ ಕೇಳ್ತಾರೆ. ಗೌರವಧನದಲ್ಲಿ ನಾನು ಎಷ್ಟು ಅಂತ ಕಟ್ಲಿ?" ಅಂದರು. ಅದು ನಿಜವಾದ ಭಯ. ಹಳ್ಳಿ ಗ್ರಂಥಾಲಯಗಳ ಬೀರುಗಳಿಗೆ ಬೀಗ ಬಿದ್ದಿರುವುದಕ್ಕೆ ಸೋಮಾರಿತನ ಕಾರಣ ಅಂತ ಬೈಯುವವರು ಈ ಮಾತು ಒಮ್ಮೆ ಕೇಳಿಸಿಕೊಳ್ಳಬೇಕು.

ಮೊದಲು ಮಾಡಿದ ಪ್ರಯತ್ನಗಳು

ಬೀಗ ತೆಗೆಸುವುದು ಮೊದಲ ತೀರ್ಮಾನ. ನಾನು ಹೇಳಿದೆ ಅಂತ ಅಕ್ಕ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಪಿಡಿಒ ಹತ್ತಿರ ಹೋಗಿ, ಮಕ್ಕಳ ಕೈಗೆ ಪುಸ್ತಕ ಕೊಟ್ಟಾಗ ಹರಿಯುವುದು, ಒಂದೆರಡು ಕಳೆಯುವುದು ಆಗೇ ಆಗುತ್ತೆ, ಅದನ್ನು ಮೂರು ತಿಂಗಳಿಗೊಮ್ಮೆ ಪಟ್ಟಿ ಮಾಡಿ ತೋರಿಸುತ್ತೇನೆ ಅಂದರು. ಅವರು ಬಾಯಿಮಾತಲ್ಲಿ "ಆಗ್ಲಮ್ಮ" ಅಂದರು. ಆಕೆ ಅಷ್ಟಕ್ಕೇ ಬಿಡದೆ ಮುಂದಿನ ಪಂಚಾಯಿತಿ ಸಭೆಯ ನಡಾವಳಿಯಲ್ಲಿ ಅದನ್ನು ಬರೆಸಿಕೊಂಡರು. ಮೂರು ಸಾಲು. ಆ ಮೂರು ಸಾಲು ಇಲ್ಲದಿದ್ದರೆ ಮುಂದೆ ನಡೆದದ್ದು ಯಾವುದೂ ನಡೆಯುತ್ತಿರಲಿಲ್ಲ. ಮಕ್ಕಳ ಪುಸ್ತಕ ಬೀರುವಿನಿಂದ ಇಳಿದು ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಮುಖಪುಟ ಕಾಣುವ ಹಾಗೆ ನೇತಾಡಿದವು. ಸಂಜೆ ಒಂದು ಗಂಟೆ ಮೇಜಿನ ಅರ್ಧ ಭಾಗ ಮಕ್ಕಳಿಗೆ ಅಂತಾಯಿತು. ಪರೀಕ್ಷೆಗೆ ಓದುವ ಹುಡುಗರು ಗೊಣಗಿದರು, ಆಮೇಲೆ ಒಪ್ಪಿದರು.

ಇಷ್ಟಾದರೂ ಬಂದವರು ಹತ್ತಿರದ ಮನೆಗಳ ಏಳೆಂಟು ಮಕ್ಕಳು ಅಷ್ಟೇ. ಸುದ್ದಿ ಮುಟ್ಟಿಸಬೇಕಲ್ಲ ಅಂತ ಪುಸ್ತಕಗಳ ಪಟ್ಟಿಯ ಫೋಟೋ ತೆಗೆದು ಪೋಷಕರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆವು. ಕ್ರಮಸಂಖ್ಯೆ, ಹೆಸರು, ಲೇಖಕರು, ಬೆಲೆ. ಹೆಬ್ಬೆಟ್ಟಿನ ಚಿತ್ರಗಳು ಬಂದವು, ಮಕ್ಕಳು ಬರಲಿಲ್ಲ. ಫೋನ್ ಇರೋದು ಅಪ್ಪನ ಜೇಬಲ್ಲಿ. ಅಪ್ಪ ಮನೆಗೆ ಬರೋದು ರಾತ್ರಿ.

ಆಮೇಲಿನದು ನನ್ನ ಐಡಿಯಾ. ತಿಂಗಳಲ್ಲಿ ಯಾರು ಜಾಸ್ತಿ ಪುಸ್ತಕ ಓದುತ್ತಾರೋ ಅವರಿಗೆ ಬಹುಮಾನ ಅಂತ ಇಟ್ಟೆವು. ಗೋಡೆ ಮೇಲೆ ಚಾರ್ಟ್, ಹೆಸರಿನ ಮುಂದೆ ನಕ್ಷತ್ರ. ಮೊದಲ ವಾರ ಕೋಣೆ ತುಂಬಿತು. ನಾನು ಹಿಗ್ಗಿದೆ. ಎರಡನೇ ವಾರ ರಿಜಿಸ್ಟರ್ ನೋಡಿದರೆ ತೆಳ್ಳಗಿನ ಪುಸ್ತಕಗಳೇ ಸುತ್ತು ಹೊಡೆಯುತ್ತಿದ್ದವು. ಒಬ್ಬ ಹುಡುಗ ಒಂದೇ ಸಂಜೆ ಮೂರು ಪುಸ್ತಕ 'ಓದಿ' ವಾಪಸ್ ಕೊಟ್ಟಿದ್ದ. ಅದಕ್ಕಿಂತ ನೋವಾದದ್ದು ಬೇರೆ. ಮೂರನೇ ಕ್ಲಾಸಿನ ಒಂದು ಮಗು ಅಕ್ಷರ ಅಕ್ಷರ ಕೂಡಿಸಿಕೊಂಡು ಒಂದೇ ಪುಸ್ತಕವನ್ನು ಎಂಟು ದಿನದಿಂದ ಓದುತ್ತಿತ್ತು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ. ಚಾರ್ಟಿನಲ್ಲಿ ಅವಳ ಹೆಸರಿನ ಮುಂದೆ ಏನೂ ಇರಲಿಲ್ಲ. ಅವಳು ಅದನ್ನು ನೋಡಿದಳು. ಮಾರನೇ ದಿನ ಬರಲಿಲ್ಲ.

ಮೂರನೇ ವಾರಕ್ಕೆ ಸ್ಪರ್ಧೆ ನಿಲ್ಲಿಸಿದೆವು. ಮಕ್ಕಳನ್ನು ಕೂರಿಸಿಕೊಂಡು, "ಇದು ನಾವು ಮಾಡಿದ ತಪ್ಪು" ಅಂತ ಹೇಳಿದೆವು. ಬಹುಮಾನದ ದುಡ್ಡಿನಲ್ಲಿ ಬಣ್ಣದ ಪೆನ್ಸಿಲ್ ತಂದು ಎಲ್ಲರಿಗೂ ಅಂತ ಗ್ರಂಥಾಲಯದಲ್ಲೇ ಇಟ್ಟೆವು. ಆ ಮಗುವಿನ ಮನೆಗೆ ಅಕ್ಕನೇ ಹೋಗಿ ಪುಸ್ತಕ ಕೊಟ್ಟು ಬಂದರು. ಅವಳು ಮತ್ತೆ ಬರೋಕೆ ಒಂದು ತಿಂಗಳು ಬೇಕಾಯಿತು.

ಇಷ್ಟಕ್ಕೂ ನಾನು ಸುಮ್ಮನಾಗಲಿಲ್ಲ. ಗ್ರಂಥಾಲಯದ ಹೊರಗೋಡೆಗೆ ಶಾಲೆಯ ಹಳೇ ಕಪ್ಪು ಹಲಗೆ ಹಾಕಿಸಿ, ವಾರಕ್ಕೊಂದು ಪುಸ್ತಕದ ಸಾರಾಂಶ ಬರೆಯತೊಡಗಿದೆ. ಒಳ್ಳೇ ಅಕ್ಷರ, ಕೊನೆಗೆ 'ಈ ಕಥೆಯ ನೀತಿ'. ಮಕ್ಕಳು ಮೊದಲ ಸಾಲು ಓದಿ ಹೋಂವರ್ಕ್ ಅಂದುಕೊಂಡು ಮುಂದೆ ಹೋಗುತ್ತಿದ್ದರು.

"ಯಾರೂ ಓದ್ಬೇಡಿ"

ತಿರುವು ಬಂದದ್ದು ನಾವು ಯೋಚನೆ ಮಾಡದ ಕಡೆಯಿಂದ. ಒಂದು ಸಂಜೆ ಅಕ್ಕನಿಗೆ ಪಂಚಾಯಿತಿ ಆಫೀಸಿನಿಂದ ಕರೆ ಬಂತು. ಹೋಗುವಾಗ ಅಲ್ಲೇ ನಿಂತಿದ್ದ ಆರನೇ ಕ್ಲಾಸಿನ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, "ಈ ಹೊತ್ತು ನೀನೇ ಏನಾದ್ರೂ ಬರಿ ಪುಟ್ಟಿ" ಅಂದು ಹೋದರು. ಅವಳು ಬರೆದದ್ದು ಇಷ್ಟು:

"ಮೀನಿನ ಪುಸ್ತಕ ಚನಾಗಿಲ್ಲ. ಕಡೇಗೆ ಅಜ್ಜಿ ಸಾಯ್ತಾಳೆ. ನಂಗೆ ಅಳು ಬಂತು. ಯಾರೂ ಓದ್ಬೇಡಿ."

ಮಾರನೇ ದಿನ ಶನಿವಾರ. ನಾನು ಹೋದವನೇ ಹಲಗೆ ನೋಡಿ ಡಸ್ಟರ್ ಎತ್ತಿಕೊಂಡೆ. ಕಾಗುಣಿತ ತಪ್ಪು, ಮೇಲಾಗಿ ಪುಸ್ತಕ ಓದಬೇಡಿ ಅಂತ ಗ್ರಂಥಾಲಯದ ಗೋಡೆ ಮೇಲೇ! ಅಕ್ಕ ತಡೆದರು. "ಇರ್ಲಿ ಬಿಡಿ ಸರ್. ಬೆಳಗ್ಗೆಯಿಂದ ನಾಲ್ಕು ಜನ ಆ ಪುಸ್ತಕ ಕೇಳ್ಕೊಂಡು ಬಂದ್ರು."

ಈ ಇಡೀ ಪ್ರಕರಣದಲ್ಲಿ ನಾನು ತುಂಬಾ ಗೌರವದಿಂದ ನೆನೆಯುವ ಮಾತು ಅದು. ಅಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಪುಸ್ತಕ ಆಮೇಲೆ ಮನೆಯಿಂದ ಮನೆಗೆ ಹೋಯಿತು. ಅಕ್ಕನ ರಿಜಿಸ್ಟರಿನಲ್ಲಿ ಒಬ್ಬರ ಹೆಸರಲ್ಲಿ ಇದ್ದರೂ ಓದಿದವರು ಎಷ್ಟೋ ಜನ. ಒಂದೂವರೆ ತಿಂಗಳ ಮೇಲೆ ವಾಪಸ್ ಬಂದಾಗ ರಟ್ಟು ಕಿತ್ತುಹೋಗಿತ್ತು. ಯಾರೋ ಅದಕ್ಕೆ ಮದುವೆ ಕಾರ್ಡಿನ ದಪ್ಪ ಹಾಳೆ ಅಂಟಿಸಿ ಹೊಸ ರಟ್ಟು ಮಾಡಿದ್ದರು. ಗಣಪತಿ ಚಿತ್ರ ಒಳಮುಖ, ಹೊರಗೆ ಪೆನ್ನಿನಲ್ಲಿ ಬಿಡಿಸಿದ ಮೀನು. ಅಂಟಿಗೆ ಅನ್ನದ ಅಗುಳು ಹಾಕಿದ್ದು ಬೆರಳಿಗೆ ಸಿಗುತ್ತಿತ್ತು. ಯಾರು ಮಾಡಿದ್ದು ಅಂತ ಕೇಳಿದರೆ ಯಾರೂ ಹೇಳಲಿಲ್ಲ. ಅಕ್ಕ ಆ ಪುಸ್ತಕವನ್ನು ಹರಿದ ಪಟ್ಟಿಗೆ ಸೇರಿಸಲಿಲ್ಲ.

ಅವತ್ತಿನಿಂದ ಹಲಗೆ ಮಕ್ಕಳದ್ದಾಯಿತು. ಅಕ್ಕ ಇಟ್ಟ ನಿಯಮಗಳು ಬಹಳ ಕಮ್ಮಿ. ಓದಿದವರು ಮಾತ್ರ ಬರೆಯಬೇಕು. ಚೆನ್ನಾಗಿಲ್ಲ ಅನ್ನಿಸಿದರೆ ಹಾಗೇ ಬರೆಯಬಹುದು. ನೀತಿ ಬರೆಯುವ ಹಾಗಿಲ್ಲ. ಬೇರೆ ಮಕ್ಕಳನ್ನು ಆಡಿಕೊಂಡು ಬರೆಯುವ ಹಾಗಿಲ್ಲ. ಮಕ್ಕಳು ಬರೆದದ್ದರಲ್ಲಿ ಎಷ್ಟೋ ಸಾಲು ನನಗೆ ಈಗಲೂ ಬಾಯಿಗೆ ಬರುತ್ತವೆ. "ಈ ಪುಸ್ತಕದಲ್ಲಿ ಆನೆ ಬಣ್ಣ ತಪ್ಪು ಹಾಕವ್ರೆ." "ಇದು ಚಿಕ್ಕೋರ ಪುಸ್ತಕ ಅಂತವ್ರೆ ಆದ್ರೆ ನಮ್ಮಜ್ಜೀನೂ ನಕ್ಕಿದ್ಳು."

ಶಾಲೆಯ ಒಬ್ಬ ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. ಊರಿನ ಗೋಡೆ ಮೇಲೆ ತಪ್ಪು ಕನ್ನಡ ಬರೆಸುತ್ತಿದ್ದೀರಲ್ಲ, ನಾವು ಕ್ಲಾಸಲ್ಲಿ ತಿದ್ದಿದ್ದು ಏನಾಯಿತು ಅಂತ ಕೇಳಿದರು. ಆ ಮಾತಲ್ಲೂ ಅರ್ಥ ಇತ್ತು. ಅಕ್ಕ ಒಂದು ದಾರಿ ಕಂಡುಕೊಂಡರು. ಮೊದಲು ಸ್ಲೇಟಿನಲ್ಲಿ ಬರೆದು ಇನ್ನೊಬ್ಬರಿಗೆ ಜೋರಾಗಿ ಓದಿ ಹೇಳಬೇಕು, ಆಮೇಲೆ ಹಲಗೆಗೆ. ಕೇಳಿಸಿಕೊಂಡ ಗೆಳತಿಯೇ "ಏಯ್, ಅದಕ್ಕೆ ಒತ್ತು ಇದೆ ಕಣೇ" ಅಂತ ಹೇಳುತ್ತಿದ್ದಳು. ಅದೂ ದಾಟಿ ಉಳಿದ ತಪ್ಪು ಉಳಿಯಲಿ ಅಂತ ಬಿಟ್ಟೆವು. ಮಾತಾಡುವ ಹಾಗೆ ಬರೆದದ್ದನ್ನು ತಪ್ಪು ಅಂತ ಲೆಕ್ಕ ಹಾಕಲಿಲ್ಲ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದಿಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನೋದು. ಓದುಗ ತಾನಾಗಿ ಬಂದು ಪುಸ್ತಕ ಹುಡುಕಲಿ ಅಂತ ಕಾಯದೆ, ಪುಸ್ತಕವೇ ಓದುಗನನ್ನು ಹುಡುಕಿಕೊಂಡು ಹೋಗುವ ಹಾಗೆ ಮಾಡಬೇಕು, ಅದಕ್ಕೆ ತೆರೆದ ಕಪಾಟು ಬೇಕು, ಪ್ರಚಾರ ಬೇಕು ಅನ್ನುವುದು ಅದರ ತಿರುಳು. ಅವರು ಕಡೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಆ ಸೂತ್ರವನ್ನು ನಾನು ಓದಿ ತಿಳಿದವನು. ಆ ಹುಡುಗಿ ಸೀಮೆಸುಣ್ಣ ಹಿಡಿದು ಮಾಡಿ ತೋರಿಸಿದಳು.

ರಿಜಿಸ್ಟರಿನಲ್ಲಿ ಕಾಣದ ಬೀದಿ

ಆರು ತಿಂಗಳಾದ ಮೇಲೆ ಅಕ್ಕ ಒಂದು ದಿನ ರಿಜಿಸ್ಟರ್ ತಿರುವಿ ಹಾಕುತ್ತಾ, "ಸರ್, ಕಾಲೋನಿ ಮಕ್ಕಳು ಒಬ್ರೂ ಇಲ್ಲ" ಅಂದರು. ನೋಡಿದರೆ ಹೌದು. ಸದಸ್ಯರ ಪಟ್ಟಿಯಲ್ಲಿ ಎಲ್ಲರ ಹೆಸರೂ ಇದೆ, ಪುಸ್ತಕ ಒಯ್ದವರು ಯಾರೂ ಇಲ್ಲ. ದೂರ ಇರಬೇಕು ಅಂದುಕೊಂಡೆವು. ನಡೆದು ನೋಡಿದರೆ ಹತ್ತು ನಿಮಿಷದ ದಾರಿ. ಮಧ್ಯೆ ದೇವಸ್ಥಾನದ ಬೀದಿ. ಅಲ್ಲಿಯ ಒಬ್ಬ ತಾಯಿ ಹೇಳಿದರು, "ಆ ಕಡೆ ನಮ್ ಮಕ್ಳು ಸುಮ್ನೆ ಹೋಗಲ್ಲ ಸರ್. ಕೆಲ್ಸ ಇದ್ರೆ ಹೋಗ್ತವೆ."

ಆ ಮಾತು ಕೇಳಿ ಬಂದ ದಿನ ನಮಗಿಬ್ಬರಿಗೂ ಮಾತು ಬರಲಿಲ್ಲ. ಬಾಗಿಲು ತೆರೆದಿದ್ದೇವೆ, ಬೇಕಾದವರು ಬರಲಿ ಅನ್ನುವುದು ಸಾಲದು ಅಂತ ನನಗೆ ಅವತ್ತು ಗೊತ್ತಾಯಿತು.

ಊರಿನ ಎಲ್ಲ ಬೀದಿಯವರೂ ಕೆಲಸ ಇದ್ದೇ ಹೋಗುವ ಜಾಗ ಯಾವುದು? ಅಕ್ಕನಿಗೆ ತಕ್ಷಣ ಹೊಳೆಯಿತು. ಹಾಲಿನ ಡೈರಿ. ಹಸು ಕಟ್ಟಿದವರೆಲ್ಲ ದಿನಕ್ಕೆ ಎರಡು ಸಲ ಅಲ್ಲಿಗೆ ಬರಲೇಬೇಕು. ಸಂಜೆ ಹೊತ್ತು ಕ್ಯಾನ್ ಹಿಡಿದು ಸಾಲಲ್ಲಿ ನಿಲ್ಲುವವರಲ್ಲಿ ಅರ್ಧ ಜನ ಮಕ್ಕಳೇ. ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಬರುವ ತನಕ ಕಾಯಬೇಕು. ಕಾಯುವಾಗ ಓದೋಕೆ ಇರೋದು ಗೋಡೆ ಮೇಲಿನ ರೇಟ್ ಬೋರ್ಡ್ ಒಂದೇ.

ಡೈರಿ ಸೆಕ್ರೆಟರಿ ಮೊದಲು ಹಿಂಜರಿದರು. ಮಕ್ಕಳು ಗುಂಪು ಸೇರಿದರೆ ಹಾಲು ಚೆಲ್ಲುತ್ತೆ ಅಂತ. ಒಂದು ತಿಂಗಳು ನೋಡೋಣ ಅಂತ ಒಪ್ಪಿದರು. ರೇಟ್ ಬೋರ್ಡಿನ ಪಕ್ಕ ಎರಡನೇ ಹಲಗೆ ಬಂತು. ಮಂಗಳವಾರ, ಶುಕ್ರವಾರ ಸಂಜೆ ಅಕ್ಕ ಚೀಲದಲ್ಲಿ ಇಪ್ಪತ್ತು ಪುಸ್ತಕ ಹಾಕಿಕೊಂಡು ಡೈರಿ ಜಗಲಿ ಮೇಲೆ ಅರ್ಧ ಗಂಟೆ ಕೂರತೊಡಗಿದರು. ಪುಸ್ತಕ ಹೊರಗೆ ಒಯ್ಯುವುದಕ್ಕೂ ನಡಾವಳಿಯಲ್ಲಿ ಮತ್ತೊಂದು ಸಾಲು ಬರೆಸಿದ್ದರು. ಎರಡನೇ ವಾರ ಕಾಲೋನಿಯ ಅಣ್ಣ ತಂಗಿ ಇಬ್ಬರು ಒಂದು ಪುಸ್ತಕ ತೆಗೆದುಕೊಂಡರು. ತಿಂಗಳು ಕಳೆಯುವ ಹೊತ್ತಿಗೆ ಆ ಹಲಗೆಯ ಮೇಲೆ ಎಲ್ಲ ಬೀದಿಯ ಮಕ್ಕಳ ಬರಹ ಒಂದರ ಕೆಳಗೆ ಒಂದು ಇತ್ತು. ಸೆಕ್ರೆಟರಿ ಹಲಗೆ ತೆಗೆಸಿ ಅನ್ನಲಿಲ್ಲ. ಮಳೆ ಎರಚಲು ಬಡಿಯದ ಹಾಗೆ ಮೇಲೊಂದು ತಗಡು ಹಾಕಿಸಿಕೊಟ್ಟರು.

ಆದದ್ದು, ಆಗದ್ದು

ಬೇಡಿಕೆ ಬಂದ ಮೇಲೆ ಅರವತ್ತು ಪುಸ್ತಕ ಎಲ್ಲಿಗೆ ಸಾಕು? ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ನಮಗೆ ದೊಡ್ಡ ಆಸರೆಯಾಯಿತು. ಅಲ್ಲಿಯ ಕಥೆಗಳು ಮುಕ್ತ ಪರವಾನಗಿಯವು. ಇಳಿಸಿಕೊಂಡು ಪ್ರಿಂಟ್ ಹಾಕಿಸಿ ಮಕ್ಕಳಿಗೆ ಕೊಡಬಹುದು. ಕನ್ನಡದ್ದೇ ಬೇಕಾದಷ್ಟಿವೆ. ಓದುವ ಶಕ್ತಿಗೆ ತಕ್ಕ ಹಾಗೆ ನಾಲ್ಕು ಹಂತ ಮಾಡಿದ್ದಾರೆ. ಪ್ರಿಂಟ್ ತೆಗೆದು ಮಧ್ಯಕ್ಕೆ ಎರಡು ಪಿನ್ ಹೊಡೆದರೆ ಪುಸ್ತಕ ತಯಾರು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಏಳನೇ ಕ್ಲಾಸಿಗೆ ಬಂದರೂ ಸರಾಗ ಓದಲು ಬಾರದ ಮಕ್ಕಳು ಇರುತ್ತಾರೆ. ಅವರಿಗೆ ಒಂದನೇ ಹಂತದ ಪುಸ್ತಕ ಬೇಕು, ಆದರೆ ಎಲ್ಲರೆದುರು ಅದನ್ನು ಎತ್ತಿಕೊಳ್ಳೋಕೆ ನಾಚಿಕೆ. ಅಕ್ಕ ಅಂಥವರಿಗೆ, "ನಿನ್ ತಮ್ಮನಿಗೆ ಓದಿ ಹೇಳ್ತೀಯಾ? ತಗೊಂಡೋಗು" ಅಂತ ಕೊಡುತ್ತಿದ್ದರು. ಅವರು ಮನೆಯಲ್ಲಿ ತಮ್ಮನಿಗೆ ನಿಜವಾಗಿಯೂ ಓದಿ ಹೇಳುತ್ತಿದ್ದರು. ಇಬ್ಬರಿಗೂ ಓದು ಬಂತು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಹೈಸ್ಕೂಲು ಹುಡುಗರು ಕಡೆಗೂ ಬರಲಿಲ್ಲ. ಅವರಿಗೆ ಬೇಕಾದ ಪುಸ್ತಕವೇ ನಮ್ಮಲ್ಲಿ ಇರಲಿಲ್ಲ ಅನ್ನಿಸುತ್ತೆ, ಆ ಕಡೆ ನಾವು ಸರಿಯಾಗಿ ಯೋಚಿಸಲೂ ಇಲ್ಲ. ಒಮ್ಮೆ ಅಕ್ಕನನ್ನು ಮೂರು ವಾರ ಸರ್ವೆ ಕೆಲಸಕ್ಕೆ ಹಾಕಿದರು. ಎರಡೂ ಹಲಗೆಯ ಮೇಲೆ ಹಳೇ ಸುದ್ದಿಯೇ ಉಳಿಯಿತು, ಮಕ್ಕಳು ನೋಡುವುದನ್ನೇ ಬಿಟ್ಟರು. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಹಲಗೆಯ ಸುದ್ದಿಯೂ ಹಾಲಿನಂತೆ, ಆವತ್ತಿನದು ಆವತ್ತಿಗೇ ಚೆಂದ. ಆಮೇಲೆ ಸೀಮೆಸುಣ್ಣದ ಡಬ್ಬಿಯನ್ನು ಆ ಆರನೇ ಕ್ಲಾಸಿನ ಹುಡುಗಿಗೂ ಇನ್ನಿಬ್ಬರಿಗೂ ಒಪ್ಪಿಸಿದರು. ಇದನ್ನು ಮೊದಲ ತಿಂಗಳಲ್ಲೇ ಮಾಡಬೇಕಿತ್ತು. ಬೇರೆ ಕಡೆ ಶುರು ಮಾಡುವವರು ಅಕ್ಕ ಒಬ್ಬರ ಮೇಲೇ ಎಲ್ಲ ಹೊರಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಕಳೆದ ಪುಸ್ತಕ ಎರಡು ವರ್ಷದಲ್ಲಿ ಒಂಬತ್ತು. ಅದರಲ್ಲಿ ಎರಡು ಪಕ್ಕದ ತಾಲ್ಲೂಕಿನ ಅಜ್ಜಿ ಮನೆಯಲ್ಲಿ ಸಿಕ್ಕಿದವು. ರಜಕ್ಕೆ ಹೋದ ಮಗು ಅಲ್ಲಿಯ ಮಕ್ಕಳಿಗೆ ಓದೋಕೆ ಬಿಟ್ಟು ಬಂದಿತ್ತು. ಎಣಿಸೋಕೆ ಬಂದವರಿಗೆ ಅಕ್ಕ ನಡಾವಳಿಯ ನಕಲು ತೋರಿಸಿ, ಹರಿದದ್ದು ಇಷ್ಟು, ಕಳೆದದ್ದು ಇಷ್ಟು, ಓದಿದವರು ಇಷ್ಟು ಅಂತ ರಿಜಿಸ್ಟರ್ ಮುಂದಿಟ್ಟರು. ಅವರು ರಿಜಿಸ್ಟರ್ ತಿರುವಿ ನೋಡಿ ಸಹಿ ಹಾಕಿ ಹೋದರು. ದುಡ್ಡು ಕಟ್ಟಿ ಅಂತ ಯಾರೂ ಕೇಳಲಿಲ್ಲ.

ಮೊನ್ನೆ ಆ ಕಡೆ ಹೋಗಿದ್ದಾಗ ಸಂಜೆ ಡೈರಿ ಹತ್ತಿರ ನಿಂತು ನೋಡಿದೆ. ರೇಟ್ ಬೋರ್ಡಿನ ಪಕ್ಕ, ಹಲಗೆಯ ಕೆಳತುದಿಯಲ್ಲಿ, ಜಾಗ ಸಾಲದೆ ಒತ್ತೊತ್ತಾಗಿ ಬರೆದಿತ್ತು: "ದೆವ್ವದ ಪುಸ್ತಕ ನಾಲ್ಕನೇ ಕ್ಲಾಸಿನವನ ಹತ್ರ ಐತೆ. ಮಂಗಳವಾರ ಕೊಡ್ತಾನಂತೆ. ಆಮೇಲೆ ನಾನು. ನನ್ ಆದ್ಮೇಲೆ ಯಾರು ಅಂತ ಕೆಳಗೆ ಬರೀರಿ." ಕೆಳಗೆ ಐದು ಹೆಸರು ಇದ್ದವು.